ದಯೆಯೋ, ಋಣವೋ?



ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಸಣ್ಣದೊಂದು ಕಾರ್ಖಾನೆಯಿದೆಯೆಂದು ಭಾವಿಸಿರಿ. 12 ಜನ ದುಡಿಯುತ್ತಾರೆ. ಮಾಲೀಕರು ಸಜ್ಜನರು, ದೈವಭೀರುಗಳು. ಕೆಲಸಗಾರರ ಹೆಸರನ್ನು ಕಾರ್ಮಿಕರ ರಾಜ್ಯ ವಿಮಾ ಯೋಜನೆಯಲ್ಲಿ, ಅಂದರೆ ಇ.ಎಸ್.ಐ.ಯಲ್ಲಿ, ನೋಂದಾಯಿಸಿರುವಿರಾ ಎಂದು ಕೇಳಿದರೆ, "ಇವರೆಲ್ಲ ನಮ್ಮ ಮನೆಯ ಮಕ್ಕಳಿದ್ದ ಹಾಗೆ. ನಾಳೆ ಏನಾದರೂ ಆದರೆ ನಾವು ಕೈಬಿಡುತ್ತೇವೆಯೇ? ಕಾಗದಪತ್ರವೇಕೆ?" ಎನ್ನುತ್ತಾರೆ. ಈ ಮಾತಿನಲ್ಲಿ ಕಪಟವಿಲ್ಲ. ಆದುದರಿಂದಲೇ ಇದನ್ನು ವಿಚಾರಿಸಬೇಕಾಗಿದೆ.

ಒಂದು ದಿನ ಯಂತ್ರಕ್ಕೆ ಸಿಕ್ಕಿ ಒಬ್ಬನ ಹೆಬ್ಬೆರಳು ಹೋಯಿತೆನ್ನಿ. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇಕಡಾ 30 ಹೋಯಿತೆಂದು 1923ರ ಪರಿಹಾರ ಕಾಯ್ದೆ ಲೆಕ್ಕ ಹಾಕಿತ್ತು. ಮಾಲೀಕರು ಉದಾರವಾಗಿಯೇ ಕೊಟ್ಟಾರು. ಆದರೆ ಎಷ್ಟು ದಿನ? ವ್ಯಾಪಾರ ಕುಸಿದರೆ? ಅವರ ಕಾಲಾನಂತರ ಮಕ್ಕಳು ಆಸ್ತಿ ಹಂಚಿಕೊಂಡರೆ? ದಯೆಯ ಆಯುಷ್ಯ ದಯಾಳುವಿನ ಆಯುಷ್ಯದಷ್ಟೇ. ಅದಕ್ಕಿಂತ ಮಿಗಿಲಾದ ಇನ್ನೊಂದು ನೋವಿದೆ. ನಿನ್ನೆಯವರೆಗೆ ಕಾಯಕದಿಂದ ಸರಿಸಮನಾಗಿ ನಿಂತವನು ಇಂದು ಬಾಗಿಲಲ್ಲಿ ಯಾಚಕನಾಗಿ ನಿಲ್ಲಬೇಕು. ಬೆರಳು ಕಳೆದುಕೊಂಡವನು ತಲೆಯನ್ನೂ ತಗ್ಗಿಸಬೇಕೇ?

ಕಾನೂನು ಇದನ್ನು ಬೇರೆ ಬಗೆಯಾಗಿ ಕಂಡಿತು. 10 ಅಥವಾ ಹೆಚ್ಚು ಜನರಿರುವ ಸಂಸ್ಥೆ ನೋಂದಣಿಯಾಗಬೇಕೆಂಬ ಕಟ್ಟಳೆಯನ್ನು, 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಉಳಿಸಿಕೊಂಡಿದೆ. 2019ರ ಜುಲೈಯಲ್ಲಿ ಮಾಲೀಕರ ವಂತಿಗೆಯನ್ನು ವೇತನದ ಶೇಕಡಾ 3.25ಕ್ಕೂ, ಕಾರ್ಮಿಕರದನ್ನು 0.75ಕ್ಕೂ ಇಳಿಸಲಾಯಿತು. 15,000 ರೂಪಾಯಿ ಪಗಾರಕ್ಕೆ ಮಾಲೀಕರ ಪಾಲು ತಿಂಗಳಿಗೆ 488 ರೂಪಾಯಿಯಷ್ಟೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾದರೂ ಈ ರಕ್ಷಣೆಯುಂಟು. ನೋಂದಾಯಿಸದ ಮಾಲೀಕರಿಂದ ಆ ವೆಚ್ಚವನ್ನು ವಸೂಲು ಮಾಡುವ ಅಧಿಕಾರವೂ ವಿಮಾ ನಿಗಮಕ್ಕುಂಟು. ಆದರೆ ಹೆಸರೇ ಇಲ್ಲದವನು ಆಸ್ಪತ್ರೆಯ ಹಾಸಿಗೆಯ ಮೇಲಿಂದ, ತಾನು ಅಲ್ಲಿ ದುಡಿಯುತ್ತಿದ್ದೆನೆಂಬುದನ್ನೇ ಮೊದಲು ಸಾಬೀತುಪಡಿಸಬೇಕಾಗುತ್ತದೆ. ಇನ್ನು ಹತ್ತಕ್ಕಿಂತ ಕಡಿಮೆ ಜನರಿದ್ದರೆ ಹೊಣೆ ತಪ್ಪಿತೆಂದಲ್ಲ. ಅಲ್ಲಿ ಪರಿಹಾರದ ಭಾರ ಸಾಮಾನ್ಯವಾಗಿ ನೇರವಾಗಿ ಮಾಲೀಕರ ಮೇಲೆಯೇ ಬೀಳುತ್ತದೆ.

ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದ ಹಳೆಯ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ನೆನೆಯಬೇಕು. ಸುಗ್ಗಿಯಲ್ಲಿ ಜೋಳದ ಚೀಲ ಕಳುಹಿಸಿದ ರೈತನಿಗೆ ಉಣ್ಣುವ ಹುಡುಗನ ಹೆಸರು ತಿಳಿದಿರಲಿಲ್ಲ; ಉಂಡ ಹುಡುಗನೂ ಯಾರ ಬಾಗಿಲಲ್ಲಿಯೂ ಕೈಯೊಡ್ಡಲಿಲ್ಲ. ಹಸಿವಾಗುವ ಮೊದಲೇ ಧಾನ್ಯ ಕಣಜ ಸೇರಿತ್ತು. ಕೊಟ್ಟೆನೆಂಬ ಅಹಂಕಾರವಿಲ್ಲ, ಪಡೆದೆನೆಂಬ ದೈನ್ಯವಿಲ್ಲ. ದಾನಕ್ಕೂ ದಾಸೋಹಕ್ಕೂ ಇರುವ ಅಂತರವೇ ಇದು. ಗಾಯವಾಗುವ ಮೊದಲೇ, ಯಾರಿಗೆ ಆಗುವುದೆಂದು ತಿಳಿಯದೆಯೇ, ತಿಂಗಳು ತಿಂಗಳೂ ಸಲ್ಲಿಸುವ ವಂತಿಗೆ ಆ ಕಣಜದ ಧಾನ್ಯದಂತಹುದು. ಅದು ಮಾಲೀಕರ ಔದಾರ್ಯವಲ್ಲ. ಇನ್ನೊಬ್ಬರ ದೇಹಶ್ರಮವನ್ನು ಬಳಸಿಕೊಂಡುದರ ಋಣ.

ಹೆಸರು ಬರೆಸಿದ ಮಾತ್ರಕ್ಕೆ ಧರ್ಮ ಮುಗಿಯಿತೆಂದೂ ತಿಳಿಯಬಾರದು. ಯಂತ್ರಕ್ಕೆ ರಕ್ಷಣೆಯ ಕವಚ ಹಾಕಿಸದೆ ವಂತಿಗೆ ಮಾತ್ರ ಕಟ್ಟುವವನು, ಬೆರಳಿನ ಬೆಲೆಯನ್ನು ಮುಂಗಡವಾಗಿ ಸಲ್ಲಿಸಿದವನಾಗುತ್ತಾನೆ ಅಷ್ಟೆ. ದಯೆ ಬೇಕು, ಅಪಘಾತವನ್ನು ತಡೆಯುವುದಕ್ಕೆ, ಆಸ್ಪತ್ರೆಯಲ್ಲಿ ಪಕ್ಕಕ್ಕೆ ಕುಳಿತು ಸಂತೈಸುವುದಕ್ಕೆ ಬೇಕು. ಋಣ ತೀರಿಸುವುದನ್ನು ಮುಂದೂಡುವುದಕ್ಕೆ ಮಾತ್ರ ಅದನ್ನು ನೆಪ ಮಾಡಬಾರದು.

ಬಂಧುಗಳೇ, ನಿಮ್ಮಲ್ಲಿ ಅನೇಕರು ಇಂದು ನಾಲ್ಕು ಜನಕ್ಕೆ ಕೆಲಸ ಕೊಟ್ಟವರಾಗಿದ್ದೀರಿ. ಈ ಸಂಜೆ ಹಾಜರಿ ಪುಸ್ತಕವನ್ನೊಮ್ಮೆ ತೆರೆದು ನೋಡಿರಿ. ನಿಮಗಾಗಿ ದುಡಿಯುವ ಯಾವ ಕೈಯ ಹೆಸರು ಅದರಲ್ಲಿ ಇಲ್ಲವೋ, ಆ ಕೈಗೆ ನೀವು ಸಾಲಗಾರರು.