ಮನೆಯೊಳಗಿನ ಗುರುವಿಗೆ ಸಲ್ಲತಕ್ಕ ಮಾನ



ಕ್ರಿಸ್ತಜಯಂತಿಯು ಸಮೀಪಿಸುವಾಗ ನಮ್ಮ ಹಳ್ಳಿಯ ಮನೆಗಳು ತುಂಬುತ್ತವೆ. ಪಟ್ಟಣದಲ್ಲಿ ದುಡಿಯುವ ಗಂಡುಮಕ್ಕಳು ರಜೆ ಪಡೆದು ಬರುತ್ತಾರೆ. ಕೊಟ್ಟ ಮನೆಗೆ ಹೋದ ಹೆಣ್ಣುಮಕ್ಕಳು ಕೂಸುಗಳನ್ನೆತ್ತಿಕೊಂಡು ತವರಿಗೆ ಬರುತ್ತಾರೆ. ದೇವಾಲಯದ ಆರಾಧನೆ ತೀರಿದ ಮೇಲೆ ಮೂರು ತಲೆಯವರು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ಇದು ದೇವರ ದಾನವೇ ಸರಿ. ಆದರೆ ಆ ಪಂಕ್ತಿಯಲ್ಲಿ ಯಾರಿಗೆ ಯಾವ ಸ್ಥಳ ಸಿಕ್ಕುತ್ತದೆಂಬದನ್ನು ಸ್ವಲ್ಪ ಗಮನಿಸತಕ್ಕದ್ದು. ಹೆಚ್ಚು ಸಂಬಳ ತರುವವನಿಗೆ ಪಡಸಾಲೆಯಲ್ಲಿ ಒಳ್ಳೆಯ ಚಾಪೆಯನ್ನು ಹಾಸುತ್ತಾರೆ. ಅವನು ಹೇಳುವ ಪಟ್ಟಣದ ಸುದ್ದಿಯನ್ನು ಎಲ್ಲರೂ ಕಿವಿಗೊಟ್ಟು ಕೇಳುತ್ತಾರೆ. ಅದೇ ಮನೆಯ ಹಿರಿಯ ಮಗಳು ಯಾವದೋ ಊರಿನ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿರುತ್ತಾಳೆ. ಆ ತಮ್ಮನ ಕೈಹಿಡಿದು ಮೊದಲನೆಯ ಅಕ್ಷರಗಳನ್ನು ತಿದ್ದಿಸಿದವಳು ಅವಳೇ. ಅವಳಾದರೋ ಬಂದ ಕೂಡಲೆ ಸೆರಗು ಸಿಕ್ಕಿಸಿ ಅಡಿಗೆಯ ಮನೆಯನ್ನು ಸೇರುತ್ತಾಳೆ; ಹಬ್ಬ ತೀರುವ ತನಕ ಅವಳನ್ನು ಮಾತಾಡಿಸುವವರು ಕಡಿಮೆ.

ಆದದರಿಂದ ಈ ತಿಂಗಳು ಒಂದು ಪ್ರಶ್ನೆಯನ್ನು ವಿಚಾರಿಸೋಣ. ನಮ್ಮ ಸ್ವಂತ ಮನೆಯವರೇ ನಮಗೆ ವಿದ್ಯೆಯನ್ನೂ ಭಕ್ತಿಯನ್ನೂ ಕಲಿಸಿದ್ದರೆ, ಅವರಿಗೆ ನಾವು ವಿಶೇಷವಾದ ಕೃತಜ್ಞತೆಯನ್ನು ಸಲ್ಲಿಸತಕ್ಕದ್ದು ಉಂಟೋ? ಉಂಟಾದರೆ ಅದು ಯಾವ ವಿಧವಾದದ್ದು?

ಪರಗುರುಗಳ ವಿಷಯದಲ್ಲಿ ಯಾರಿಗೂ ಸಂದೇಹವಿಲ್ಲ. ಮೈಸೂರಿನ ಮಹಾರಾಜರ ಕಾಲೇಜಿನಲ್ಲಿ ತತ್ವಶಾಸ್ತ್ರವನ್ನು ಕಲಿಸಿದ ರಾಧಾಕೃಷ್ಣನ್ ಅವರು 1921ರಲ್ಲಿ ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ತಾವೇ ಅವರ ಸಾರೋಟನ್ನು ರೈಲು ನಿಲ್ದಾಣದ ವರೆಗೆ ಎಳೆದುಕೊಂಡು ಹೋದರು. ಅವರ ಜನ್ಮದಿನವಾದ ಸೆಪ್ಟೆಂಬರ್ 5ನೆಯ ತಾರೀಖು 1962ರಿಂದ ನಮ್ಮ ದೇಶದಲ್ಲಿ ಶಿಕ್ಷಕರ ದಿನವಾಗಿದೆ. ಆ ದಿನ ಶಾಲೆಯಲ್ಲಿ ಹಾರ ಹಾಕಿಸಿಕೊಂಡ ಉಪಾಧ್ಯಾಯಿನಿಯು ಸಾಯಂಕಾಲ ತನ್ನ ಮನೆಗೆ ಬಂದರೆ, ಅಲ್ಲಿ ಆ ಮಾತನ್ನೆತ್ತುವವರೇ ಇರುವದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ. ನಮ್ಮ ಕರ್ತನು ಸಹ ತನ್ನ ಸ್ವಂತ ಊರಿನಲ್ಲಿ ಬೋಧಿಸಿದಾಗ, ಇವನು ಆ ಬಡಗಿಯಲ್ಲವೇ ಎಂದು ಊರವರು ತಾತ್ಸಾರಮಾಡಿದರೆಂಬದನ್ನು ಸುವಾರ್ತೆಯಲ್ಲಿ ಓದುತ್ತೇವೆ. ಹತ್ತಿರವಿದ್ದವರ ಬೆಲೆ ಕಾಣದೆ ಹೋಗುವದು ಮನುಷ್ಯನ ಹಳೆಯ ರೋಗವಾಗಿದೆ.

ಇದಕ್ಕೆ ಕೆಲವರು ಹೇಳುವ ಆಕ್ಷೇಪಗಳನ್ನು ತಳ್ಳಿಬಿಡದೆ ನ್ಯಾಯವಾಗಿ ತೂಗಿನೋಡುವದು ಒಳ್ಳೆಯದು.

ಮೊದಲನೆಯದಾಗಿ, ಮನೆಯವರು ಕಲಿಸಿದ್ದು ಅವರ ಕರ್ತವ್ಯವೇ. ಕರ್ತವ್ಯಕ್ಕೆ ಉಪಕಾರವೆಂದು ಹೇಳುವದು ಯಾಕೆ ಎನ್ನುತ್ತಾರೆ. ಕರ್ತವ್ಯವೆಂಬದು ನಿಜ. ಆದರೆ ಆ ಮಾತನ್ನು ಆಡತಕ್ಕವರು ಯಾರು? ಕೆಲಸವನ್ನೆಲ್ಲಾ ಮಾಡಿ ಮುಗಿಸಿದ ಆಳು, ತಾನು ಮಾಡಬೇಕಾದದ್ದನ್ನು ಮಾತ್ರ ಮಾಡಿದೆನೆಂದು ಹೇಳಿಕೊಳ್ಳಬೇಕೆಂಬದಾಗಿ ಕರ್ತನು ಬೋಧಿಸಿದನು. ಅದು ಮಾಡಿದವನ ಬಾಯಿಗೆ ತಕ್ಕ ಮಾತು. ಪಡೆದುಕೊಂಡವನು ಅದನ್ನು ಕಸಕೊಂಡು ಆಡಬಾರದು. ಕರ್ತವ್ಯವೆಂಬ ಮಾತು ಕೊಟ್ಟವನ ಬಾಯಲ್ಲಿ ದೀನತೆ. ಪಡೆದವನ ಬಾಯಲ್ಲಿ ಅದೇ ಮಾತು ಕೃತಘ್ನತೆ.

ಎರಡನೆಯದಾಗಿ, ಉಪಾಧ್ಯಾಯರಿಗೆ ಸಂಬಳವುಂಟಲ್ಲಾ ಎನ್ನುತ್ತಾರೆ. ಸಂಬಳವು ಶಾಲೆಯ ಮಕ್ಕಳಿಗೋಸ್ಕರ ಕೊಡಲ್ಪಡುತ್ತದೆ. ರಾತ್ರಿ ದೀಪದ ಮುಂದೆ ತಮ್ಮನಿಗೆ ಲೆಕ್ಕ ಹೇಳಿಕೊಟ್ಟದ್ದಕ್ಕೆ ಯಾರು ಸಂಬಳ ಕೊಟ್ಟರು? ತಮ್ಮಂದಿರ ಶಾಲೆಯ ಫೀಸಿಗಾಗಿ ತನ್ನ ಮದುವೆಯ ಮಾತನ್ನೇ ಮುಂದಕ್ಕೆ ಹಾಕಿದ ಅಕ್ಕಂದಿರು ನಮ್ಮ ಸಭೆಗಳಲ್ಲಿ ಇಲ್ಲವೇ? ಆ ಸಾಲವು ಯಾವ ಪಟ್ಟಿಯಲ್ಲಿಯೂ ಬರೆಯಲ್ಪಟ್ಟಿಲ್ಲ. ಆದಕಾರಣವೇ ಅದನ್ನು ಮನಸ್ಸಿನಲ್ಲಿ ಬರೆದಿಡುವದು ಅಗತ್ಯ.

ಮೂರನೆಯದಾಗಿ, ರಕ್ತಸಂಬಂಧಿಗಳಲ್ಲಿ ಉಪಚಾರದ ಮಾತು ಬೇಡ, ಪ್ರೀತಿಯಿದ್ದರೆ ಸಾಕು ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯವುಂಟು. ಪ್ರೀತಿಯಿಲ್ಲದ ಹೊಗಳಿಕೆಯು ಹೊಟ್ಟಿಗೆ ಸಮಾನ. ಆದರೂ ಯಾವ ಕ್ರಿಯೆಯಲ್ಲಿಯೂ ತೋರದ ಪ್ರೀತಿಯು ಬಹುಕಾಲ ಉಳಿಯದು. ಅಲ್ಲದೆ ಮನೆಯ ಚಿಕ್ಕ ಮಕ್ಕಳು ನಮ್ಮ ಹೃದಯವನ್ನು ನೋಡಲಾರರು. ಹಿರಿಯರು ಯಾರಿಗಾಗಿ ಎದ್ದು ಸ್ಥಳ ಕೊಡುತ್ತಾರೋ ಅವರೇ ದೊಡ್ಡವರೆಂದು ಅವರು ಕಲಿತುಕೊಳ್ಳುತ್ತಾರೆ. ಹಣ ತಂದವನಿಗೆ ಮಾತ್ರ ಮಾನ ಸಲ್ಲುವ ಮನೆಯಲ್ಲಿ ಬೆಳೆದ ಮಗುವಿಗೆ ಮುಂದೆ ಸತ್ಯವೇದವನ್ನು ಓದೆಂದು ಹೇಳಿದರೂ ಅದು ಮನಸ್ಸಿಗೆ ಹತ್ತುವದು ಕಷ್ಟ.

ಇದಕ್ಕೆ ನಮ್ಮ ಸೀಮೆಯದೇ ಒಂದು ದೃಷ್ಟಾಂತವುಂಟು. ಕಾರ್ಕಳದ ಸಮೀಪದ ಮಾಳ ಎಂಬ ಊರಿನ ಅನಂತಶಾಸ್ತ್ರಿ ಡೋಂಗ್ರೆ ಎಂಬ ಬ್ರಾಹ್ಮಣ ವಿದ್ವಾಂಸರು ತಮ್ಮ ಹೆಂಡತಿಯಾದ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದರು. ಹೆಂಗಸಿಗೆ ಆ ವಿದ್ಯೆ ಯಾಕೆಂದು ಜನರು ವಿರೋಧಿಸಿದ್ದರಿಂದ, ಅವರು ಘಟ್ಟದ ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿಕೊಂಡರು. ಅಲ್ಲಿ 1858ರಲ್ಲಿ ರಮಾಬಾಯಿಯು ಹುಟ್ಟಿದಳು. ಮಗಳು ಓದುವ ಪ್ರಾಯಕ್ಕೆ ಬರುವಾಗ ತಂದೆಯು ವೃದ್ಧರಾಗಿದ್ದರು. ಆದದರಿಂದ ತಾಯಿಯೇ ಗುರುವಾದಳು. ಮನೆಗೆಲಸಕ್ಕೆ ಮುಂಚೆ, ನಸುಕಿನಲ್ಲಿ, ನಿದ್ದೆಗಣ್ಣಿನ ಮಗುವನ್ನು ಮುದ್ದುಮಾತುಗಳಿಂದ ಎಬ್ಬಿಸಿ, ಪುಸ್ತಕವಿಲ್ಲದೆ ಬಾಯಿಪಾಠವಾಗಿ ಕಲಿಸಿದಳು. ಮುಂದೆ ಬರಗಾಲದಲ್ಲಿ ತಂದೆತಾಯಿಗಳಿಬ್ಬರೂ ತೀರಿಹೋದರು. ಪಂಡಿತೆಯೆಂದು ಪ್ರಸಿದ್ಧಳಾದ ರಮಾಬಾಯಿಯು 1883ರಲ್ಲಿ ಇಂಗ್ಲೆಂಡಿನಲ್ಲಿ ಸ್ನಾನದೀಕ್ಷೆಯನ್ನು ಹೊಂದಿದಳು. 1887ರಲ್ಲಿ ಅಮೇರಿಕದಲ್ಲಿ ತನ್ನ ಪುಸ್ತಕವು ಅಚ್ಚಾದಾಗ, ಆಕೆ ಅದನ್ನು ಅರ್ಪಿಸಿದ್ದು ಯಾವ ಶ್ರೀಮಂತನಿಗೂ ಅಲ್ಲ, ಯಾವ ದೊಡ್ಡ ಪಂಡಿತನಿಗೂ ಅಲ್ಲ. ತನ್ನ ತಾಯಿಯಾದ ಲಕ್ಷ್ಮೀಬಾಯಿಯ ನೆನಪಿಗೆ. ನಸುಕಿನಲ್ಲಿ ಕಲಿಸಿದ ಆ ತಾಯಿಯ ಹೆಸರು ಹೀಗೆ ಸಮುದ್ರದಾಚೆಯ ಜನರಿಗೂ ತಿಳಿಯಿತು.

ನಮ್ಮ ಕರ್ತನ ಬಾಲ್ಯದಿಂದಲೂ ಇದನ್ನೇ ಕಲಿಯುತ್ತೇವೆ. ಪಸ್ಕಹಬ್ಬವು ಮೊದಲಿನಿಂದಲೇ ಮನೆಯವರು ಕೂಡಿ ಆಚರಿಸುವ ಹಬ್ಬವಾಗಿತ್ತು. ಈ ಆಚಾರದ ಅರ್ಥವೇನೆಂದು ಮಕ್ಕಳು ಕೇಳಬೇಕು, ಐಗುಪ್ತದಿಂದಾದ ಬಿಡುಗಡೆಯನ್ನು ಹಿರಿಯರು ವಿವರಿಸಬೇಕು ಎಂಬದು ಅದರ ಕ್ರಮ. ಅಂದರೆ ಹಬ್ಬದ ಊಟವೇ ಪಾಠಶಾಲೆ, ಮನೆಯವರೇ ಉಪಾಧ್ಯಾಯರು. ಯೇಸುವು ಹನ್ನೆರಡು ವರುಷದವನಾಗಿದ್ದಾಗ, ಆ ಹಬ್ಬಕ್ಕಾಗಿ ಬಂಧುಬಳಗದವರ ಸಂಗಡ ಯೆರೂಸಲೇಮಿಗೆ ಹೋಗಿ, ದೇವಾಲಯದ ಬೋಧಕರ ನಡುವೆ ಕೂತು ಅವರ ಮಾತನ್ನು ಕೇಳುತ್ತಾ ಪ್ರಶ್ನೆಮಾಡುತ್ತಾ ಇದ್ದನು. ದೊಡ್ಡ ಪಂಡಿತರು ಬೆರಗಾದರು. ಆ ಮೇಲೆ ಅವನು ಏನು ಮಾಡಿದನು? ಇಂಥ ಪಂಡಿತರನ್ನು ಕಂಡ ಮೇಲೆ ಬಡಗಿಯಾದ ಯೋಸೇಫನಲ್ಲಿ ಕಲಿಯುವದೇನಿದೆ ಎಂದುಕೊಳ್ಳದೆ, ನಜರೇತಿಗೆ ಇಳಿದುಹೋಗಿ ಮನೆಯವರಿಗೆ ಅಧೀನನಾಗಿದ್ದನು. ಹೊರಗಿನ ವಿದ್ವಾಂಸರ ಮೇಲಿನ ಗೌರವವು ಮನೆಯವರ ಮೇಲಿನ ಗೌರವವನ್ನು ಅವನಲ್ಲಿ ಕುಂದಿಸಲಿಲ್ಲ.

ಹಾಗಾದರೆ ಈ ಹಬ್ಬದಲ್ಲಿ ನಾವು ಮಾಡತಕ್ಕದ್ದೇನು? ಶಾಲು ಹೊದಿಸುವದಕ್ಕೆ ಹಣವಿಲ್ಲದ ಮನೆಗಳು ಅನೇಕ. ಅದು ಬೇಕಾಗಿಯೂ ಇಲ್ಲ. ಸೌದೆ ಒಡೆಯುವದನ್ನೂ ನೀರು ತರುವದನ್ನೂ ಊಟದ ಎಲೆ ಎತ್ತುವದನ್ನೂ ತಮ್ಮಂದಿರು ವಹಿಸಿಕೊಂಡು, ಕಲಿಸಿದ ಅಕ್ಕನನ್ನು ಪಡಸಾಲೆಯಲ್ಲಿ ಕೂರಿಸಲಿ. ಕುಟುಂಬಪ್ರಾರ್ಥನೆಯಲ್ಲಿ ಸತ್ಯವೇದವನ್ನು ಆಕೆಯ ಕೈಗೆ ಕೊಟ್ಟು ಓದಿಸಲಿ. ನಿನಗೆ ಓದು ಕಲಿಸಿದವರು ಇವರೇ ಎಂದು ತಂದೆಯು ತನ್ನ ಮಗುವಿನ ಮುಂದೆ ಬಾಯಿಬಿಟ್ಟು ಹೇಳಲಿ.

ಓದು ಬಾರದ ಅಜ್ಜಿಯನ್ನೂ ಈ ಲೆಕ್ಕದಿಂದ ಬಿಡಬಾರದು. ಪೌಲನು ತಿಮೊಥೆಯನಿಗೆ ಬರೆಯುವಾಗ, ಅವನ ಅಜ್ಜಿಯಾದ ಲೋವಿಯನ್ನೂ ತಾಯಿಯಾದ ಯೂನೀಕೆಯನ್ನೂ ಹೆಸರೆತ್ತಿ ನೆನೆಯುತ್ತಾನೆ. ನಮ್ಮ ಅನೇಕರಿಗೆ ಕರ್ತನ ಪ್ರಾರ್ಥನೆಯನ್ನು ಕಲಿಸಿದ್ದು ಒಂದಕ್ಷರವನ್ನೂ ಅರಿಯದ ಬಾಯಿಯೇ ಆಗಿದೆ.

ಕಲಿಸಿದವರಿಗೂ ಒಂದು ಮಾತುಂಟು. ಕಲಿಸಿದೆವೆಂಬ ಹಕ್ಕಿನಿಂದ ಮನೆಯಲ್ಲಿ ಅಧಿಕಾರ ನಡಿಸಬೇಡಿರಿ. ಓದಿನಲ್ಲಿ ಹಿಂದೆ ಬಿದ್ದು ಹೊಲದಲ್ಲಿ ಗೇಯುವ ತಮ್ಮನನ್ನು ನಾಲ್ಕು ಜನರ ಮುಂದೆ ಹೀನೈಸಬೇಡಿರಿ. ನಿಮ್ಮ ತಟ್ಟೆಗೆ ಬಂದ ಅನ್ನವು ಅವನ ಬೆವರಿನದು. ಮಾನವು ತಾನಾಗಿ ಬಂದರೆ ದೇವರಿಗೆ ಸ್ತೋತ್ರ ಹೇಳಿರಿ. ಬಾರದಿದ್ದರೆ, ಶಿಷ್ಯರ ಕಾಲುಗಳನ್ನು ತೊಳೆದ ಗುರುವನ್ನು ನೆನಸಿಕೊಳ್ಳಿರಿ.

ಕಲಿಸಿದವರು ಈಗಾಗಲೇ ಮಣ್ಣು ಸೇರಿದ್ದರೆ ಸಾಲ ತೀರಿಸುವ ಬಗೆ ಯಾವದು? ರಮಾಬಾಯಿಯು ಪುಸ್ತಕವನ್ನು ಅರ್ಪಿಸಿದಾಗ ತಾಯಿಯು ಅದನ್ನು ನೋಡಲು ಬದುಕಿರಲಿಲ್ಲ. ಆದರೆ 1889ರಲ್ಲಿ ಆಕೆ ಬೊಂಬಾಯಿಯಲ್ಲಿ ಶಾರದಾ ಸದನವನ್ನು ತೆರೆದು, ವಿಧವೆಯರಾದ ಎಳೆಯ ಹೆಣ್ಣುಮಕ್ಕಳಿಗೆ ವಿದ್ಯೆಯನ್ನು ಕೊಡಲಾರಂಭಿಸಿದಳು. ತಾಯಿಯಿಂದ ಪಡೆದದ್ದು ಹೀಗೆ ತಾಯಿಯಿಲ್ಲದವರಿಗೆ ಮುಟ್ಟಿತು. ನಮ್ಮ ಮನೆಗಳಲ್ಲಿಯೂ ಹಾಗೆಯೇ ಆಗಲಿ. ಬದುಕಿರುವ ಗುರುವಿಗೆ ಈ ಹಬ್ಬದಲ್ಲಿಯೇ ಮಾನ ಸಲ್ಲಲಿ. ತೀರಿಹೋದವರ ಹೆಸರಿನಲ್ಲಿ ನೆರೆಮನೆಯ ಒಂದು ಮಗುವಾದರೂ ಅಕ್ಷರ ಕಲಿಯಲಿ. ಬೋಧಕರಿಗೆಲ್ಲಾ ಬೋಧಕನಾದ ಕರ್ತನು ಇದಕ್ಕೆ ಬೇಕಾದ ಮನಸ್ಸನ್ನು ನಮಗೆಲ್ಲರಿಗೂ ಅನುಗ್ರಹಿಸಲಿ.