ಕಾಯುವದಕ್ಕೆ ಒಪ್ಪಿಸಲ್ಪಟ್ಟ ಕಾಡು

ಧ್ಯಾನದ ಭಾಗಗಳು: ಆದಿಕಾಂಡ 2:15, ಧರ್ಮೋಪದೇಶಕಾಂಡ 20:19



ಮಲೆನಾಡಿನ ಒಂದೂರಿನಲ್ಲಿ ಆರಾಧನೆ ಮುಗಿದ ಮೇಲೆ ಹಿರಿಯರೊಬ್ಬರು ನನ್ನ ಬಳಿಗೆ ಬಂದು, “ಉಪದೇಶಿಗಳೇ, ಊರ ಹಿಂದಿನ ಬನಕ್ಕೆ ನಮ್ಮ ಅಜ್ಜಂದಿರು ಹೆದರಿ ಒಂದು ಕಡ್ಡಿಯನ್ನೂ ಮುರಿಯುತ್ತಿರಲಿಲ್ಲ. ನಮಗೀಗ ಆ ಭಯವಿಲ್ಲ. ಅಲ್ಲಿಯ ದೊಡ್ಡ ಮರಗಳನ್ನು ಕಡಿದು ನಮ್ಮ ದೇವಾಲಯದ ಮಾಡಿಗೆ ತೊಲೆ ಮಾಡಿಸಿದರೆ ತಪ್ಪೇನು?” ಎಂದು ಕೇಳಿದರು. ಈ ಪ್ರಶ್ನೆಯು ಅನೇಕ ಸಭೆಗಳಲ್ಲಿ ಏಳಬಹುದಾದ್ದರಿಂದ ದೇವರ ವಾಕ್ಯದ ಬೆಳಕಿನಲ್ಲಿ ಇದನ್ನು ವಿಚಾರಿಸೋಣ.

ಮೊದಲನೆಯದಾಗಿ, ಭಯವು ಹೋದದ್ದು ಒಳ್ಳೇದೇ. ಮರವು ದೇವರಲ್ಲ, ಅದಕ್ಕೆ ಹರಕೆ ಹೊರುವದು ನಮಗೆ ತಕ್ಕದ್ದಲ್ಲ. ಆದರೆ ಭಯವು ಖಾಲಿಮಾಡಿದ ಸ್ಥಳದಲ್ಲಿ ಲೋಭವು ಬಂದು ಕೂತರೆ ನಾವು ಬಿಡುಗಡೆ ಹೊಂದಿದೆವೆಂದು ಹೇಗೆ ಹೇಳೋಣ? ಕೆಲವರು ಗಿದ್ಯೋನನ ದೃಷ್ಟಾಂತವನ್ನು ಎತ್ತುತ್ತಾರೆ. ಅವನು ಕಡಿದದ್ದು ಬಾಳನ ಬಲಿಪೀಠದ ಬಳಿ ಪೂಜೆಗಾಗಿ ನಿಲ್ಲಿಸಿದ್ದ ಸ್ತಂಭವನ್ನೇ ಹೊರತು ಬೆಟ್ಟದ ಕಾಡನ್ನಲ್ಲ. ನಮ್ಮ ವಿಶ್ವಾಸದ ತಂದೆಯಾದ ಅಬ್ರಹಾಮನಾದರೋ ಬೇರ್ಷೆಬದಲ್ಲಿ ಮರವನ್ನು ನೆಟ್ಟು, ಅಲ್ಲಿಯೇ ಕರ್ತನನ್ನು ಪ್ರಾರ್ಥಿಸಿದನು.

ಎರಡನೆಯದಾಗಿ, ದೇವರು ಆದಾಮನನ್ನು ತೋಟದಲ್ಲಿ ಇಟ್ಟಾಗ ದುಡಿಯುವ ಕೆಲಸದೊಂದಿಗೆ ಕಾಯುವ ಕೆಲಸವನ್ನೂ ಕೊಟ್ಟನು. ಪಟ್ಟಣಕ್ಕೆ ಮುತ್ತಿಗೆ ಹಾಕಿದ ದಂಡಿಗೂ ಫಲಕೊಡುವ ಮರಗಳನ್ನು ಕಡಿಯಬಾರದೆಂದು ವಿಧಿಸಿದನು. ಯುದ್ಧಕಾಲಕ್ಕೇ ಇಂಥ ಅಪ್ಪಣೆಯಿದ್ದರೆ ಸಮಾಧಾನದ ಕಾಲದಲ್ಲಿ ನಾವು ಎಷ್ಟು ಎಚ್ಚರವಾಗಿರಬೇಕು!

ಮೂರನೆಯದಾಗಿ, ಹಳೇ ಮರದಲ್ಲಿ ಎಷ್ಟು ಜೀವಿಗಳ ಬಾಳು ಅಡಗಿದೆಯೆಂದು ನೋಡಿರಿ. ನಮ್ಮ ಘಟ್ಟದ ಮಂಗಟ್ಟೆ ಹಕ್ಕಿಯು ಮುದಿಮರದ ಪೊಟರೆಯಲ್ಲಿ ಗೂಡುಮಾಡುತ್ತದೆ. ಹೆಣ್ಣು ಒಳಗೆ ಸೇರಿ ಸಣ್ಣ ಸೀಳನ್ನು ಮಾತ್ರ ಬಿಟ್ಟು ಬಾಯಿ ಮುಚ್ಚಿಕೊಳ್ಳುವದು. ಗಂಡು ಆ ಸೀಳಿನಿಂದಲೇ ಹಣ್ಣುಗಳನ್ನು ಉಣಿಸುವದು. ಅದು ತಿಂದ ಹಣ್ಣಿನ ಬೀಜವು ದೂರದಲ್ಲಿ ಬಿದ್ದು ಮೊಳೆಯುವದು. ಹೀಗೆ ಮರವು ಹಕ್ಕಿಯನ್ನೂ ಹಕ್ಕಿಯು ಕಾಡನ್ನೂ ಸಾಕುತ್ತದೆ. ನೆಟ್ಟ ಎಳೇ ಅಕೇಶಿಯಾದಲ್ಲಿ ಇಂಥ ಪೊಟರೆಯೆಲ್ಲಿ? ಇದಲ್ಲದೆ, ತಲೆತಲಾಂತರದಿಂದ ಬಿದ್ದ ತರಗೆಲೆಯ ಮಣ್ಣು ಮಳೆನೀರನ್ನು ಹೀರಿ ಇಟ್ಟುಕೊಂಡು, ಬೇಸಿಗೆಯಲ್ಲಿ ಹಳ್ಳಕ್ಕೆ ಮೆಲ್ಲಮೆಲ್ಲನೆ ಬಿಡುತ್ತದೆ.

ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳುಂಟು. ಅವುಗಳ ವಿಸ್ತಾರವು 1905ರಲ್ಲಿ 6,000 ಹೆಕ್ಟೇರಿಗೆ ಮಿಗಿಲಾಗಿತ್ತು. 1985ರೊಳಗೆ ಅದರ ಅರ್ಧವೂ ಉಳಿಯಲಿಲ್ಲ. ಭಯವೊಂದೇ ಕಾಡನ್ನು ಕಾಯಲಾರದೆಂಬದಕ್ಕೆ ಇದೇ ಸಾಕ್ಷಿ. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಬಳಿಯ ಸಾಲ್ಕಣಿಯ ಜನರು ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದರು. ಹೀಗೆ ಅಪ್ಪಿಕೋ ಚಳವಳಿ ಹುಟ್ಟಿತು. ಇಥಿಯೋಪಿಯದ ಉತ್ತರ ಸೀಮೆಯಲ್ಲಿಯಾದರೋ ಸುತ್ತಲಿನ ಕಾಡು ಬಹುತೇಕ ಹೊಲವಾಗಿ ಹೋದರೂ ಕ್ರೈಸ್ತ ದೇವಾಲಯಗಳ ಸುತ್ತ ಹಳೇ ಕಾಡು ಉಳಿದಿದೆ; ದನಗಳು ನುಗ್ಗದಂತೆ ಸಭೆಯವರು ಕಲ್ಲಿನ ಗೋಡೆ ಕಟ್ಟಿದ್ದಾರೆ. ಅವರು ಮರವನ್ನು ಪೂಜಿಸುವವರಲ್ಲ. ಕರ್ತನ ಮನೆಯ ಅಂಗಳವೆಂದು ಅದನ್ನು ಕಾಯುವವರು.

ಆದಕಾರಣ ಪ್ರಿಯರೇ, ಆ ಹಿರಿಯರಿಗೆ ನಾನು ಕೊಟ್ಟ ಉತ್ತರವಿದು: “ಮಾಡು ಸೋರುವದನ್ನು ಬಲ್ಲೆನು. ಮನೆಮನೆಯ ಹಿಡಿಯಕ್ಕಿ ಕಾಣಿಕೆಯನ್ನು ಕೂಡಿಸೋಣ. ಹಿತ್ತಲಲ್ಲಿ ನಾವೇ ಬೆಳೆಸಿದ ಹಲಸನ್ನು ಕೊಡೋಣ. ಇನ್ನೊಂದು ಮಳೆಗಾಲ ನೆನೆದರೂ ನೆನೆಯೋಣ. ನಾವು ನೆಡದ ಮರವನ್ನು ಕಡಿದು ಕರ್ತನಿಗೆ ಕಾಣಿಕೆಯೆಂದು ತರುವದು ಬೇಡ.” ಅವರು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ನಮ್ಮ ಹಲಸಿನಿಂದಲೇ ಆರಂಭಿಸಿರಿ” ಅಂದರು.

ನೆರೆಯವರು ನಮ್ಮನ್ನು ನೋಡುತ್ತಾರೆ. ಕ್ರೈಸ್ತರು ಬಂದ ಕಡೆಯಲ್ಲಿ ಕಾಡು ಅಳಿಯಿತೆಂಬ ನಿಂದೆ ನಮಗೆ ಬಾರದಿರಲಿ. ಹೆದರಿಕೆಯಿಂದ ಅಜ್ಜಂದಿರು ಕಾಯ್ದದ್ದನ್ನು ಪ್ರೀತಿಯಿಂದ ಕಾಯುವ ಕೃಪೆಯನ್ನು ಸೃಷ್ಟಿಕರ್ತನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೆನ್.