ಉದ್ಯೋಗ ಬದಲಾವಣೆ ಮತ್ತು ಶ್ರಾವಕನ ವಿವೇಕ

ಗೃಹಸ್ಥಜೀವನದ ಧರ್ಮಸಂಕಟಗಳೆಲ್ಲ ಪಾಪಪುಣ್ಯಗಳ ನಡುವಿನ ಆಯ್ಕೆಯಾಗಿಯೇ ಎದುರಾಗುವುದಿಲ್ಲ. ಅಂತಹ ಸಂದರ್ಭದಲ್ಲಿ ದಾರಿ ಸ್ಪಷ್ಟವಾಗಿರುತ್ತದೆ. ಬೇಕಾದದ್ದು ಧೈರ್ಯ ಮಾತ್ರ. ಎರಡು ದಾರಿಗಳೂ ನಿರ್ದೋಷವಾಗಿ ಕಂಡಾಗಲೇ ವಿವೇಕಕ್ಕೆ ನಿಜವಾದ ಪರೀಕ್ಷೆ. ತನ್ನನ್ನು ಬೆಳೆಸಿದ ಸಂಸ್ಥೆಯನ್ನು ಬಿಟ್ಟು, ಅದೇ ವೃತ್ತಿಯ ಹೆಚ್ಚು ಪ್ರತಿಷ್ಠಿತವಾದ ಪ್ರತಿಸ್ಪರ್ಧಿ ಸಂಸ್ಥೆಯನ್ನು ಸೇರಬಹುದೇ ಎಂಬುದು ಇಂತಹ ಒಂದು ಪ್ರಶ್ನೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಂತಹ ಊರುಗಳಲ್ಲಿ ಓದಿ, ಬೆಂಗಳೂರಿನಲ್ಲಿ ಲೆಕ್ಕಪರಿಶೋಧನೆ, ತೆರಿಗೆ ಅಥವಾ ಆಡಳಿತ ಸಲಹೆಯ ವೃತ್ತಿ ಹಿಡಿದ ತರುಣನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಅವನು ಮೊದಲು ಸೇರಿದ್ದು ಚಿಕ್ಕ ಕಚೇರಿ. ಅಲ್ಲಿಯ ಹಿರಿಯರು ಅವನ ತಪ್ಪುಗಳನ್ನು ತಿದ್ದಿದರು, ಗ್ರಾಹಕರ ಮುಂದೆ ಮಾತನಾಡಲು ಕಲಿಸಿದರು. ಈಗ ದೇಶವಿದೇಶಗಳಲ್ಲಿ ಹೆಸರು ಮಾಡಿದ ಸಂಸ್ಥೆ ಅವನನ್ನು ಕರೆಯುತ್ತಿದೆ. ವೇತನದಲ್ಲಿ ಭಾರಿ ಅಂತರವಿಲ್ಲ, ಅಂತರವಿರುವುದು ಹೆಸರಿನಲ್ಲಿ. ಮನೆಯವರು ಹೋಗೆನ್ನುತ್ತಾರೆ, ಮನಸ್ಸು ಹಿಂಜರಿಯುತ್ತದೆ.

ಅನೇಕಾಂತದೃಷ್ಟಿಯುಳ್ಳವನು ಇಲ್ಲಿ ಒಂದೇ ನಯವನ್ನು ಹಿಡಿದು ತೀರ್ಪು ಕೊಡಲಾರನು. ಕಲಿಸಿದವರ ಕಡೆಯಿಂದ ನೋಡಿದರೆ ಕೃತಜ್ಞತೆಯ ಋಣವಿದೆ. ತರುಣನ ಕಡೆಯಿಂದ ನೋಡಿದರೆ ದುಡಿಮೆಯಿಂದ ಆ ಋಣದ ಬಹುಭಾಗ ತೀರಿದೆ. ಶಕ್ತಿಯಿದ್ದೂ ಬೆಳೆಯದಿರುವುದು ಸದ್ಗುಣವೇನೂ ಅಲ್ಲ. ನೆಲದ ಕಾನೂನು ಕೂಡ ಅವನನ್ನು ಕಟ್ಟಿಹಾಕುವುದಿಲ್ಲ. ನ್ಯಾಯಸಮ್ಮತವಾದ ವೃತ್ತಿ ನಡೆಸದಂತೆ ಒಬ್ಬನನ್ನು ತಡೆಯುವ ಕರಾರು ಆ ಮಟ್ಟಿಗೆ ಅಸಿಂಧುವೆಂದು 1872ರ ಭಾರತೀಯ ಕರಾರು ಅಧಿನಿಯಮದ 27ನೆಯ ಪ್ರಕರಣ ಹೇಳುತ್ತದೆ. ಆದುದರಿಂದ ಕೆಲಸ ಬಿಟ್ಟ ಮೇಲೂ ಪ್ರತಿಸ್ಪರ್ಧಿಯನ್ನು ಸೇರಬಾರದೆಂಬ ಷರತ್ತಿಗೆ ಸಾಮಾನ್ಯವಾಗಿ ನ್ಯಾಯಾಲಯದ ಬೆಂಬಲ ದೊರೆಯದು. ಸಂಸ್ಥೆಯನ್ನು ಬಿಡುವುದು ತನ್ನಷ್ಟಕ್ಕೆ ದೋಷವಲ್ಲ. ಕಾನೂನು ಬಾಗಿಲು ತೆರೆದಿಟ್ಟ ಸ್ಥಳದಲ್ಲಿಯೇ ಧರ್ಮದ ವಿಚಾರಣೆ ಆರಂಭವಾಗುತ್ತದೆ: ಹೋಗುವವನು ಏತಕ್ಕಾಗಿ ಹೋಗುತ್ತಾನೆ? ಏನನ್ನು ಒಯ್ಯುತ್ತಾನೆ? ಏನನ್ನು ಬಿಟ್ಟುಹೋಗುತ್ತಾನೆ?

ಮೊದಲನೆಯ ಪ್ರಶ್ನೆಗೆ ಉತ್ತರ ಹುಡುಕಲು ಈ ಸೀಮೆಯ ಜನರು ದೂರ ಹೋಗಬೇಕಾಗಿಲ್ಲ. ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯಲ್ಲಿ ಇಂಜಿನಿಯರಿಂಗ್ ಓದಿದರು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು. ಎಷ್ಟೇ ಸಮರ್ಥನಾದರೂ ಭಾರತೀಯನೊಬ್ಬ ಆ ಇಲಾಖೆಯ ತುದಿಯ ಹುದ್ದೆಗೆ ಏರುವ ಸಂಭವ ಅಂದಿನ ಆಡಳಿತದಲ್ಲಿ ಇರಲಿಲ್ಲ. 1908ರಲ್ಲಿ ಅವರು ತಾವಾಗಿಯೇ ಆ ಸೇವೆಯಿಂದ ನಿವೃತ್ತರಾದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದನ್ನು ಧ್ವಂಸಮಾಡಿದಾಗ ನಿಜಾಮರ ಸರ್ಕಾರ ಅವರನ್ನು ಸಲಹಾ ಇಂಜಿನಿಯರಾಗಿ ಬರಮಾಡಿಕೊಂಡಿತು. ಆ ಬಳಿಕ ಮೈಸೂರಿನಿಂದ ಮುಖ್ಯ ಇಂಜಿನಿಯರ್ ಹುದ್ದೆಗೆ ಕರೆ ಬಂದಿತು. ಹುಟ್ಟಿದ ನಾಡು, ಹಿರಿಯ ಪದವಿ, ವಿದ್ಯಾರ್ಥಿವೇತನದ ಋಣ, ಎಲ್ಲವೂ ಒಪ್ಪಿಗೆಯ ಕಡೆಗೇ ಎಳೆಯುವಂತಿದ್ದವು. ಆದರೂ ಅವರು ಕೂಡಲೇ ಒಪ್ಪಲಿಲ್ಲ. ಕೈಗಾರಿಕೆ ಮತ್ತು ತಾಂತ್ರಿಕ ಶಿಕ್ಷಣಗಳ ಬೆಳವಣಿಗೆಗೆ ಅಲ್ಲಿ ಅವಕಾಶವಿದೆಯೇ ಎಂದು ವಿಚಾರಿಸಿದರು. ಅನುಕೂಲವಾದ ಉತ್ತರ ಬಂದ ನಂತರವೇ, 1909ರ ನವೆಂಬರಿನಲ್ಲಿ, ಅಧಿಕಾರ ವಹಿಸಿಕೊಂಡರು.

ಪದವಿ ಎಷ್ಟು ದೊಡ್ಡದು ಎಂದಲ್ಲ, ಅಲ್ಲಿ ಮಾಡಲು ಏನಿದೆ ಎಂದು ಅವರು ಕೇಳಿದರೆಂಬುದು ಗಮನಾರ್ಹ. ಮುಂಬಯಿಯನ್ನು ಬಿಟ್ಟುದಕ್ಕೂ ಮೈಸೂರಿಗೆ ಬಂದುದಕ್ಕೂ ಇದೇ ಅಳತೆಗೋಲು ಹೊಂದುತ್ತದೆ. ಕೆಲಸ ಬೆಳೆಯಲಾರದ ಸ್ಥಳವನ್ನು ಬಿಡುವುದು ಹೇಗೆ ಸರಿಯೋ, ಬರಿಯ ಹೆಸರಿಗಾಗಿ ಇನ್ನೊಂದು ಸ್ಥಳ ಸೇರದಿರುವುದೂ ಹಾಗೆಯೇ ಸರಿ.

ಆಚಾರ್ಯರು ಹೇಳಿದ ಎಂಟು ಮದಗಳಲ್ಲಿ ಪೂಜಾಮದವೂ ಒಂದು: ಜನರಿಂದ ದೊರೆಯುವ ಮನ್ನಣೆಯಿಂದ ಹುಟ್ಟುವ ಗರ್ವ. ಸಂಸ್ಥೆಯ ಪ್ರತಿಷ್ಠೆಯನ್ನು ತನ್ನದೆಂದು ಭಾವಿಸುವುದು ಇದರ ಇಂದಿನ ರೂಪ. ಅದು ಎರವಲು ತಂದ ಒಡವೆಯಂತೆ. ಒಡೆಯನ ಮನೆ ಕುಸಿದ ದಿನ ಒಡವೆಯೂ ಹೋಗುತ್ತದೆ. 1913ರಲ್ಲಿ ಅಮೆರಿಕೆಯಲ್ಲಿ ಸ್ಥಾಪಿತವಾದ ಆರ್ಥರ್ ಆಂಡರ್ಸನ್ ಲೆಕ್ಕಪರಿಶೋಧನ ಸಂಸ್ಥೆ ಜಗತ್ತಿನ ಐದು ಅಗ್ರಗಣ್ಯ ಸಂಸ್ಥೆಗಳಲ್ಲಿ ಒಂದಾಗಿತ್ತು. 2001ರಲ್ಲಿ ಎನ್ರಾನ್ ಕಂಪನಿ ದಿವಾಳಿಯಾದಾಗ, ಅದರ ಲೆಕ್ಕಗಳಿಗೆ ಸಂಬಂಧಿಸಿದ ಕಾಗದಪತ್ರಗಳನ್ನು ಆಂಡರ್ಸನ್‌ನಲ್ಲಿ ನಾಶಪಡಿಸಲಾಗಿತ್ತೆಂಬುದು ಬಯಲಾಯಿತು. 2002ರಲ್ಲಿ ಅದಕ್ಕೆ ಶಿಕ್ಷೆಯಾಯಿತು. 2005ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿತಾದರೂ ಅಷ್ಟರಲ್ಲಿ ಸಂಸ್ಥೆ ಚದುರಿಹೋಗಿತ್ತು. ಯಾವ ತಪ್ಪನ್ನೂ ಮಾಡದ ಸಾವಿರಾರು ನೌಕರರಿಗೆ ನಿನ್ನೆಯವರೆಗೆ ಹೆಮ್ಮೆಯಾಗಿದ್ದ ಹೆಸರೇ ಹೊರೆಯಾಯಿತು. ಅವರ ಪಾಲಿಗೆ ಉಳಿದದ್ದು ಕಲಿತ ವಿದ್ಯೆ ಮತ್ತು ನಡತೆ ಮಾತ್ರ.

ಎರಡನೆಯದು, ಒಯ್ಯುವುದರ ಪ್ರಶ್ನೆ. ಚಿಂತಾಮಣಿಯ ಮಂಡಿಯೊಂದರ ಗುಮಾಸ್ತನು ಪಕ್ಕದ ಅಂಗಡಿಗೆ ಸೇರಿದನೆಂದುಕೊಳ್ಳೋಣ. ತೂಕದ ಜಾಣ್ಮೆ, ಲೆಕ್ಕದ ಚುರುಕು, ಸರಕು ಪರೀಕ್ಷಿಸುವ ಕಣ್ಣು ಅವನವೇ. ಅವನ್ನು ಬಿಟ್ಟುಹೋಗೆಂದು ಯಾರೂ ಹೇಳಲಾರರು. ಆದರೆ ಯಾವ ರೈತನಿಗೆ ಎಷ್ಟು ಮುಂಗಡ ಕೊಡಲಾಗಿದೆ, ಯಾವ ವ್ಯಾಪಾರಿ ಕಷ್ಟದಲ್ಲಿದ್ದಾನೆ ಎಂಬ ಗುಟ್ಟು ಹಳೆಯ ಯಜಮಾನನು ನಂಬಿ ಒಪ್ಪಿಸಿದ ಇಡುಗಂಟು. ವಿಶ್ವೇಶ್ವರಯ್ಯನವರು ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳ ವಿಧಾನ ಮುಂದೆ ಕೃಷ್ಣರಾಜಸಾಗರಕ್ಕೂ ಬಂದಿತು. ಅದು ಎಲ್ಲರ ಕಣ್ಣೆದುರಿನ ವಿದ್ಯೆ; ಮೈಸೂರು ಪಡೆದುದರಿಂದ ಮುಂಬಯಿ ಕಳೆದುಕೊಂಡದ್ದೇನೂ ಇರಲಿಲ್ಲ. ಗ್ರಾಹಕರ ಗುಟ್ಟು ಹಾಗಲ್ಲ.

ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವನ್ನೂ ಸಾಕಾರಮಂತ್ರಭೇದವನ್ನೂ ಸೇರಿಸಿದೆ. ಇಟ್ಟವನು ಎಣಿಕೆ ಮರೆತು ಕಡಿಮೆ ಕೇಳಿದಾಗ ಅಷ್ಟನ್ನೇ ಕೊಟ್ಟು ಉಳಿದುದನ್ನು ಇಟ್ಟುಕೊಳ್ಳುವುದು ಮೊದಲನೆಯದು. ಮುಖಭಾವ ಸನ್ನೆಗಳಿಂದ ಅರಿತ ಪರರ ಅಂತರಂಗವನ್ನು ಬಯಲುಮಾಡುವುದು ಎರಡನೆಯದು. ಬಾಯಿಬಿಟ್ಟು ಹೇಳದ ಸಂಗತಿಯನ್ನೂ ಕಾಪಾಡಬೇಕೆಂಬ ಈ ಸೂಕ್ಷ್ಮತೆ ಸಲಹೆಗಾರನ ವೃತ್ತಿಗೆಂದೇ ವಿಧಿಸಿದಂತಿದೆ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಅಧಿನಿಯಮವೂ ಗ್ರಾಹಕನ ವಿಷಯವನ್ನು ಅವನ ಸಮ್ಮತಿಯಿಲ್ಲದೆ ಹೊರಗೆಡಹುವುದನ್ನು ದುರ್ನಡತೆಯೆಂದು ಪರಿಗಣಿಸುತ್ತದೆ. ಇನ್ನೊಬ್ಬರು ನೋಡುತ್ತಿದ್ದ ಲೆಕ್ಕಪರಿಶೋಧನೆಯನ್ನು ಒಪ್ಪಿಕೊಳ್ಳುವ ಮುನ್ನ ಅವರಿಗೆ ಪತ್ರ ಬರೆಯಬೇಕೆನ್ನುತ್ತದೆ. ಪ್ರತಿಸ್ಪರ್ಧಿಯೊಡನೆಯೂ ಮರೆಯಿಲ್ಲದೆ ವ್ಯವಹರಿಸಬೇಕೆಂಬುದೇ ಇದರ ತಿರುಳು. ಹೊಸ ಸಂಸ್ಥೆಯು ಅವನ ಸಾಮರ್ಥ್ಯಕ್ಕಿಂತ ಅವನ ಬಳಿಯಿರುವ ಗ್ರಾಹಕರ ಪಟ್ಟಿಗೆ ಹೆಚ್ಚು ಬೆಲೆ ಕೊಡುತ್ತಿದೆಯೆಂದು ಕಂಡುಬಂದರೆ, ಆ ಕರೆಯನ್ನು ನಿರಾಕರಿಸುವುದೇ ಯೋಗ್ಯ. ಇಂದು ಗುಟ್ಟು ತಂದವನನ್ನು ನಾಳೆ ಯಾರೂ ನಂಬುವುದಿಲ್ಲ.

ಮೂರನೆಯದು, ಬಿಟ್ಟುಹೋಗುವುದರ ವಿಚಾರ. ಅರ್ಧಕ್ಕೆ ನಿಂತ ಕೆಲಸ, ತನ್ನನ್ನೇ ನೆಚ್ಚಿದ ಕಿರಿಯ ಸಹೋದ್ಯೋಗಿಗಳು, ತುರ್ತಿನಲ್ಲಿರುವ ಗ್ರಾಹಕ, ಇವರಿಗೆ ಆಗುವ ನೋವನ್ನು ತಗ್ಗಿಸುವುದು ಅಹಿಂಸೆಯ ಭಾಗವೇ. ಸಕಾಲದಲ್ಲಿ ತಿಳಿಸಿ, ಕೆಲಸವನ್ನು ಕ್ರಮವಾಗಿ ಒಪ್ಪಿಸಿ, ಹಿರಿಯರಿಗೆ ವಂದಿಸಿ ಹೊರಡಬೇಕು. ಹೋಗುವ ಮನಸ್ಸಿಲ್ಲದಿದ್ದರೂ ಹೊಸ ಸಂಸ್ಥೆಯ ಪತ್ರವನ್ನು ತೋರಿಸಿ ಇರುವಲ್ಲಿಯೇ ವೇತನ ಹೆಚ್ಚಿಸಿಕೊಳ್ಳುವುದು ಜಾಣತನವೆನಿಸಿದರೂ ಮಾಯಾಕಷಾಯದ ಕಾರ್ಯವೇ ಸರಿ. ಅದರಲ್ಲಿ ಎರಡು ಸಂಸ್ಥೆಗಳಿಗೂ ವಂಚನೆಯಾಗುತ್ತದೆ.

ಹೊಣೆ ತರುಣನೊಬ್ಬನದೇ ಅಲ್ಲ. ವಿವಾಹದ ಮಾತುಕತೆಯಲ್ಲಿ ಹುಡುಗನ ನಡತೆಗಿಂತ ಮೊದಲು ಕಂಪನಿಯ ಹೆಸರನ್ನು ಕೇಳುವವರು ಯಾರು? ಬಸದಿಯ ಸಮಾರಂಭದಲ್ಲಿ ವ್ಯಕ್ತಿಯ ಸೇವೆಯನ್ನು ಬಿಟ್ಟು ಹುದ್ದೆಯನ್ನು ಹೊಗಳಿ ಶಾಲು ಹೊದಿಸುವವರು ಯಾರು? ಮನೆಯವರೂ ಧಾರ್ಮಿಕ ಸಂಸ್ಥೆಗಳೂ ಪೂಜಾಮದಕ್ಕೆ ನೀರೆರೆದು, ಬಳಿಕ ಮಕ್ಕಳಲ್ಲಿ ಸಂತೃಪ್ತಿಯಿಲ್ಲವೆಂದು ಕೊರಗುವುದರಲ್ಲಿ ಅರ್ಥವಿಲ್ಲ. ಪರಿಗ್ರಹಪರಿಮಾಣವೆಂದರೆ ಹಣ ಹೊಲ ಮನೆಗಳಿಗೆ ಮಾತ್ರ ಹಾಕಿಕೊಳ್ಳುವ ಎಲ್ಲೆಯಲ್ಲ. ಕೀರ್ತಿಯ ಹಂಬಲಕ್ಕೂ ಒಂದು ಎಲ್ಲೆ ಬೇಕು.

ಆದುದರಿಂದ ಆ ತರುಣನು ಹೋಗಬೇಕೋ ಇರಬೇಕೋ ಎಂಬುದಕ್ಕೆ ಎಲ್ಲರಿಗೂ ಸಲ್ಲುವ ಒಂದೇ ವಿಧಿಯಿಲ್ಲ. ಆದರೆ ಪರೀಕ್ಷೆಯೊಂದಿದೆ. ಹೊಸ ಸಂಸ್ಥೆಯ ಹೆಸರನ್ನು ಯಾರಿಗೂ ಹೇಳುವಂತಿಲ್ಲವೆಂದಾದರೂ ಅಲ್ಲಿಯ ಕೆಲಸಕ್ಕಾಗಿ ಅವನು ಹೋಗಲು ಸಿದ್ಧನಿದ್ದರೆ, ಹಳೆಯ ಸಂಸ್ಥೆಯ ಗುಟ್ಟು ಯಾವುದನ್ನೂ ಒಯ್ಯದಿದ್ದರೆ, ಬಿಟ್ಟುಬಂದವರ ಮುಖವನ್ನು ಮತ್ತೆ ನಿರ್ಭಯವಾಗಿ ನೋಡಬಲ್ಲನಾದರೆ, ಅವನು ಸಂತೋಷದಿಂದ ಹೊರಡಬಹುದು. ಈ ಮೂರರಲ್ಲಿ ಒಂದಕ್ಕಾದರೂ ಮನಸ್ಸು ಅಳುಕಿದರೆ ಅಂತಹವನು ಇನ್ನಷ್ಟು ಕಾಲ ಇದ್ದಲ್ಲಿಯೇ ದುಡಿಯುವುದು ಶ್ರೇಯಸ್ಕರ.